ಪದವಿ ಮುಗಿದ ಮೇಲೆ ಮುಂದೇನು: ಬಳ್ಳಾರಿ, ರಾಯಚೂರು, ಕೊಪ್ಪಳದ ಪದವೀಧರರು ದಾರಿ ಹುಡುಕುವ ಬಗೆ

ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ನಂತರದ ಕೆಲವು ತಿಂಗಳು ನಮ್ಮ ಕಡೆಯ ಬಹಳಷ್ಟು ಪದವೀಧರರಿಗೆ ಕಷ್ಟದ ಕಾಲ. ಮನೆಯವರು, ನೆಂಟರು, ಬಸ್ ನಿಲ್ದಾಣದಲ್ಲಿ ಎದುರಾದ ಹಳೆಯ ಮೇಷ್ಟ್ರು, ಎಲ್ಲರೂ ಮುಂದೇನು ಮಾಡುತ್ತೀ ಎಂದೇ ಕೇಳುತ್ತಾರೆ. ಉತ್ತರ ಗೊತ್ತಿಲ್ಲದವರು ಸಾಮಾನ್ಯವಾಗಿ ‘ಕಾಂಪಿಟೇಟಿವ್ ಎಕ್ಸಾಮಿಗೆ ಓದುತ್ತಿದ್ದೇನೆ’ ಎಂದುಬಿಡುತ್ತಾರೆ, ಏಕೆಂದರೆ ಆ ಮಾತಿಗೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಆ ಹೊತ್ತಿನ ಮುಜುಗರ ತಪ್ಪಿಸಿಕೊಳ್ಳಲು ಆಡಿದ ಮಾತೇ ಮೂರು ನಾಲ್ಕು ವರ್ಷಗಳ ಬದುಕಾಗಿಬಿಡುವುದನ್ನು ಪದವಿ ಕಾಲೇಜಿನಲ್ಲಿ ಪಾಠ ಮಾಡುವ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದರ ನೋವೇ ಈ ಬರಹಕ್ಕೆ ಕಾರಣ.

ಇಪ್ಪತ್ತೊಂದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬದುಕಿನುದ್ದಕ್ಕೂ ಮಾಡುವ ವೃತ್ತಿಯನ್ನು ಆರಿಸಿಬಿಡಬೇಕು ಎಂಬ ಭಾರವನ್ನು ಮೊದಲು ಇಳಿಸಿಬಿಡಿ. ನೀವು ಈಗ ನಿರ್ಧರಿಸಬೇಕಾದದ್ದು ಮುಂದಿನ ಎರಡು ವರ್ಷ ಏನು ಮಾಡಬೇಕು ಎಂಬುದನ್ನು ಮಾತ್ರ. ಆ ಎರಡು ವರ್ಷದ ನಿರ್ಧಾರ ಮಾತ್ರ ಗಟ್ಟಿಯಾಗಿರಬೇಕು, ಕಣ್ಣಾರೆ ಕಂಡ ಸಂಗತಿಗಳ ಮೇಲೆ ನಿಂತಿರಬೇಕು, ಮತ್ತು ಅದಕ್ಕೊಂದು ಮುಗಿಯುವ ದಿನಾಂಕ ಇರಬೇಕು. ಇದನ್ನು ಹೇಗೆ ಮಾಡಬಹುದು ಎಂಬುದನ್ನು ನಮ್ಮ ಮೂರು ಜಿಲ್ಲೆಗಳ ಸ್ಥಿತಿಗತಿಗೆ ಹೊಂದಿಸಿ ಇಲ್ಲಿ ವಿವರಿಸುತ್ತೇನೆ.

ಮೊದಲು ಕಾಗದಪತ್ರ

ಗೊಂದಲದಲ್ಲಿರುವ ಮನಸ್ಸಿಗೆ ಕೈಗೊಂದು ಕೆಲಸ ಸಿಕ್ಕರೆ ಸ್ವಲ್ಪ ಸಮಾಧಾನ. ಆದ್ದರಿಂದ ದಾರಿ ಯಾವುದೇ ಇರಲಿ, ಮೊದಲ ತಿಂಗಳಲ್ಲಿ ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಿ. ಬಾಕಿ ಉಳಿದ ವಿಷಯಗಳಿದ್ದರೆ ಅವನ್ನು ಮುಗಿಸುವುದೇ ಎಲ್ಲಕ್ಕಿಂತ ಮೊದಲ ಕೆಲಸ. ಒಂದು ಪೇಪರ್ ಉಳಿಸಿಕೊಂಡವರಿಗೆ ಪದವಿ ಕೇಳುವ ಯಾವ ಬಾಗಿಲೂ ತೆರೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು, ಇನಿಷಿಯಲ್ ಮತ್ತು ಜನ್ಮದಿನಾಂಕ ಆಧಾರ್‌ನಲ್ಲಿಯೂ ಹಾಗೆಯೇ ಇವೆಯೇ ಎಂದು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ‘ಯಂಕಪ್ಪ’ ಒಂದರಲ್ಲಿ, ‘ವೆಂಕಪ್ಪ’ ಇನ್ನೊಂದರಲ್ಲಿ ಇದ್ದರೆ ದಾಖಲೆ ಪರಿಶೀಲನೆಯ ದಿನ ಪಡುವ ಪಾಡು ಅನುಭವಿಸಿದವರಿಗೇ ಗೊತ್ತು.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಕಲ್ಯಾಣ ಕರ್ನಾಟಕದ ಅರ್ಹತಾ ಪ್ರಮಾಣಪತ್ರ. ಸಂವಿಧಾನಕ್ಕೆ 2012ರಲ್ಲಿ ಆದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಬಂತು, 2013ರಲ್ಲಿ ರಾಜ್ಯ ಸರ್ಕಾರದ ಮೀಸಲಾತಿ ಆದೇಶ ಹೊರಟಿತು. ಅದರ ಪ್ರಕಾರ ಈ ಭಾಗದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಎ ಮತ್ತು ಬಿಗೆ ಶೇ 75, ಗ್ರೂಪ್ ಸಿಗೆ ಶೇ 80, ಗ್ರೂಪ್ ಡಿಗೆ ಶೇ 85ರಷ್ಟು ಸ್ಥಳೀಯರಿಗೇ ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿಯೂ ಶೇ 8ರಷ್ಟು ಪಾಲಿದೆ. ಈ ಪ್ರಮಾಣಪತ್ರ ನೀಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಅಧಿಸೂಚನೆ ಹೊರಟ ಮೇಲೆ ಓಡಾಡಿದರಾಯಿತು ಎಂದು ಕೂರಬೇಡಿ, ಏಕೆಂದರೆ ಅರ್ಜಿಯ ಕೊನೆಯ ದಿನಾಂಕದೊಳಗೆ ಪಡೆದ ಪ್ರಮಾಣಪತ್ರವನ್ನೇ ನೇಮಕಾತಿ ಪ್ರಾಧಿಕಾರಗಳು ಕೇಳುತ್ತವೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ರೈಲ್ವೆ, ಬ್ಯಾಂಕು, ಎಸ್‌ಎಸ್‌ಸಿಯಂಥ ಕೇಂದ್ರದ ನೇಮಕಾತಿಗಳಿಗೆ 371(ಜೆ) ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ. ಯಾವ ಪರೀಕ್ಷೆಗೆ ಓದಬೇಕು ಎಂಬ ಲೆಕ್ಕದಲ್ಲಿ ಈ ವ್ಯತ್ಯಾಸಕ್ಕೆ ದೊಡ್ಡ ತೂಕವಿದೆ.

ಕೆಲಸವನ್ನು ಹತ್ತಿರದಿಂದ ನೋಡುವುದು

ನಮ್ಮ ವಿದ್ಯಾರ್ಥಿಗಳಿಗೆ ಹತ್ತಿರದಿಂದ ಗೊತ್ತಿರುವ ವೃತ್ತಿಗಳು ಮೂರು ನಾಲ್ಕಷ್ಟೆ: ಶಿಕ್ಷಕರು, ಪೊಲೀಸರು, ಪಿಡಿಒ, ಆಸ್ಪತ್ರೆಯ ಸಿಬ್ಬಂದಿ. ಉಳಿದವುಗಳ ಬಗ್ಗೆ ಇರುವುದು ಕೇಳಿದ ಮಾತು ಅಥವಾ ಮೊಬೈಲಿನಲ್ಲಿ ನೋಡಿದ ವಿಡಿಯೊ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡತಿನಿ ಮತ್ತು ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳು, ಹಟ್ಟಿಯ ಚಿನ್ನದ ಗಣಿ, ದೋಣಿಮಲೆಯ ಅದಿರು ಗಣಿ, ಗಿಣಿಗೇರಾ ಸುತ್ತಲಿನ ಕಬ್ಬಿಣದ ಘಟಕಗಳು, ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳು, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳು, ರಾಯಚೂರಿನ ಹತ್ತಿ ವಹಿವಾಟು ಮತ್ತು ಔಷಧ ತಯಾರಿಕೆ, ಇವೆಲ್ಲ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಮರಳಬಹುದಾದಷ್ಟು ಹತ್ತಿರದಲ್ಲಿವೆ. ಆದರೂ ಅಲ್ಲಿ ಬಿ.ಎಸ್ಸಿ, ಬಿ.ಕಾಂ ಮುಗಿಸಿದ ಒಬ್ಬ ವ್ಯಕ್ತಿ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾನೆ ಎಂದು ಕೇಳಿದರೆ ತರಗತಿಯಲ್ಲಿ ಕೈ ಎತ್ತುವವರು ಸಿಗುವುದಿಲ್ಲ.

ಇದಕ್ಕೆ ಪರಿಹಾರ ಸರಳವಾದರೂ ಸಂಕೋಚ ಬಿಟ್ಟು ಮಾಡಬೇಕಾದದ್ದು. ನಿಮ್ಮ ಕಾಲೇಜಿನಲ್ಲಿ ನಿಮಗಿಂತ ನಾಲ್ಕೈದು ವರ್ಷ ಮುಂಚೆ ಓದಿ ಈಗ ಕೆಲಸದಲ್ಲಿರುವ ಐದಾರು ಜನರ ಹೆಸರು ಬರೆದುಕೊಳ್ಳಿ. ಕಾಲೇಜಿನ ಉಪನ್ಯಾಸಕರು, ಊರಿನ ಗೆಳೆಯರು, ಓಣಿಯವರು ಈ ಪಟ್ಟಿ ತುಂಬಿಸಿಕೊಡುತ್ತಾರೆ. ‘ನೌಕರಿ ಕೊಡಿಸಿ’ ಎಂದು ಕೇಳಿದರೆ ಜನ ಹಿಂದೆ ಸರಿಯುತ್ತಾರೆ, ಆದರೆ ‘ನಿಮ್ಮ ಕೆಲಸ ಹೇಗಿರುತ್ತದೆ ಎಂದು ತಿಳಿಯಬೇಕಿತ್ತು, ಅರ್ಧ ಗಂಟೆ ಮಾತನಾಡಬಹುದೇ’ ಎಂದು ಕೇಳಿದರೆ ಇಲ್ಲ ಎನ್ನುವವರು ಬಹಳ ಕಡಿಮೆ. ಭೇಟಿಯಲ್ಲಿ ಕೆಲಸ ಚೆನ್ನಾಗಿದೆಯೇ ಎಂದು ಕೇಳಿ ಪ್ರಯೋಜನವಿಲ್ಲ, ಅದಕ್ಕೆ ಎಲ್ಲರೂ ಪರವಾಗಿಲ್ಲ ಎಂದೇ ಉತ್ತರಿಸುತ್ತಾರೆ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ ಎಂದು ಕೇಳಿ. ಸಂಬಳದಲ್ಲಿ ಕೈಗೆ ಬರುವುದೆಷ್ಟು, ಕೊಡುವವರು ಕಂಪನಿಯವರೋ ಗುತ್ತಿಗೆದಾರರೋ, ಪಿಎಫ್ ಕಟ್ಟುತ್ತಾರೆಯೇ, ಜೊತೆಗೆ ಸೇರಿದವರಲ್ಲಿ ಬಿಟ್ಟುಹೋದವರು ಯಾಕೆ ಬಿಟ್ಟರು, ಐದು ವರ್ಷ ಹಿರಿಯರಾದವರು ಈಗ ಯಾವ ಜಾಗದಲ್ಲಿದ್ದಾರೆ, ಇವು ನಿಜವಾದ ಮಾಹಿತಿ ಹೊರತರುವ ಪ್ರಶ್ನೆಗಳು. ದೊಡ್ಡ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಬೆಳಗಿನ ಆರರಿಂದ, ಮಧ್ಯಾಹ್ನದ ಎರಡರಿಂದ, ರಾತ್ರಿಯ ಹತ್ತರಿಂದ ಹೀಗೆ ಮೂರು ಪಾಳಿ ಇರುತ್ತವೆ. ವಾರ ಬಿಟ್ಟು ವಾರ ರಾತ್ರಿ ಪಾಳಿ ಮಾಡುವ ಶಕ್ತಿ ನಿಮ್ಮ ದೇಹಕ್ಕಿದೆಯೇ ಎಂಬುದು ಸಂಬಳದಷ್ಟೇ ಮುಖ್ಯವಾದ ಪ್ರಶ್ನೆ.

ಒಂದು ಉದಾಹರಣೆ ಕೊಡುತ್ತೇನೆ. ಅಕ್ಕಿ ಗಿರಣಿಯಲ್ಲಿ ಭತ್ತದ ಗುಣಮಟ್ಟ ನೋಡುವ ಕೆಲಸವೆಂದರೆ ರಸಾಯನಶಾಸ್ತ್ರ ಓದಿದವರಿಗೆ ಪ್ರಯೋಗಾಲಯದ ಕೆಲಸದಂತೆ ಕೇಳಿಸುತ್ತದೆ. ಸುಗ್ಗಿಯಲ್ಲಿ ಹೋಗಿ ನೋಡಿದರೆ ಚಿತ್ರವೇ ಬೇರೆ. ಲಾರಿಯೋ ಟ್ರ್ಯಾಕ್ಟರೋ ಬಂದು ನಿಲ್ಲುತ್ತದೆ, ಚೀಲಕ್ಕೆ ಸಲಾಕೆ ಚುಚ್ಚಿ ಒಂದು ಹಿಡಿ ಭತ್ತ ತೆಗೆಯುತ್ತಾರೆ, ತೇವಾಂಶ ಅಳೆಯುವ ಮೀಟರಿಗೆ ಅದನ್ನು ಹಾಕುತ್ತಾರೆ, ಅಂಕಿ ಕಾಣಿಸಲು ಕೆಲವೇ ಕ್ಷಣ ಸಾಕು. ಆ ಅಂಕಿಯಲ್ಲಿ ಒಂದೆರಡು ವ್ಯತ್ಯಾಸವಾದರೆ ಚೀಲದ ದರ ಇಳಿಯುತ್ತದೆ, ಮತ್ತು ಆರು ತಿಂಗಳು ನೀರು ಕಟ್ಟಿ ಆ ಬೆಳೆ ಬೆಳೆದ ರೈತ ಪಕ್ಕದಲ್ಲಿಯೇ ನಿಂತು ಮೀಟರನ್ನೂ ನಿಮ್ಮ ಮುಖವನ್ನೂ ನೋಡುತ್ತಿರುತ್ತಾನೆ. ಅಳತೆ ಕಲಿಯಲು ಒಂದು ದಿನ ಸಾಕು. ಆ ರೈತನಿಗೂ ಗಿರಣಿ ಮಾಲೀಕನಿಗೂ ಒಪ್ಪುವಂತೆ ದಿನಕ್ಕೆ ಹತ್ತಾರು ಸಲ ನ್ಯಾಯವಾಗಿ ಮಾತನಾಡುವುದೇ ನಿಜವಾದ ಉದ್ಯೋಗ. ಇಂಥದ್ದು ಒಬ್ಬರಿಗೆ ಉಸಿರುಗಟ್ಟಿಸಬಹುದು, ಇನ್ನೊಬ್ಬರಿಗೆ ತುಂಬ ಇಷ್ಟವಾಗಬಹುದು. ನೀವು ಯಾವ ಬಗೆಯವರು ಎಂಬುದು ಮನೆಯಲ್ಲಿ ಕುಳಿತು ಯೋಚಿಸಿದರೆ ತಿಳಿಯುವುದಿಲ್ಲ, ಒಂದು ಮಧ್ಯಾಹ್ನ ಅಲ್ಲಿ ನಿಂತರೆ ತಿಳಿಯುತ್ತದೆ.

ಕೆಲಸ ನೋಡಿದ್ದು ಸಾಲದು, ಮಾಡಿಯೇ ತಿಳಿಯಬೇಕು ಎನ್ನುವವರಿಗೆ ಅಪ್ರೆಂಟಿಸ್‌ಶಿಪ್ ಒಳ್ಳೆಯ ದಾರಿ. ಇದು ಎಂಜಿನಿಯರಿಂಗ್ ಮತ್ತು ಡಿಪ್ಲೊಮಾದವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಬಿ.ಎ, ಬಿ.ಕಾಂ, ಬಿ.ಎಸ್ಸಿ ಪದವೀಧರರೂ ಹೆಸರು ನೋಂದಾಯಿಸಬಹುದು. ಒಂದು ವರ್ಷದ ತರಬೇತಿ, ತಿಂಗಳಿಗೆ ಸ್ಟೈಪೆಂಡ್, ಕೊನೆಯಲ್ಲಿ ಪ್ರಮಾಣಪತ್ರ. ವರ್ಷ ಮುಗಿದ ಮೇಲೆ ಅಲ್ಲಿಯೇ ಕಾಯಂ ಮಾಡಿಕೊಳ್ಳುತ್ತಾರೆಂಬ ಭರವಸೆಯೇನೂ ಇಲ್ಲ, ಅದನ್ನು ಮೊದಲೇ ತಿಳಿದು ಸೇರಬೇಕು. ಬಿ.ಕಾಂ ಮುಗಿಸಿದವರು ಊರಿನ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಆರು ತಿಂಗಳು ಕುಳಿತು ಜಿಎಸ್‌ಟಿ ರಿಟರ್ನ್ಸ್ ಮತ್ತು ಟ್ಯಾಲಿ ಕೆಲಸ ಕಲಿತರೆ, ಗಂಜ್‌ನ ದಲಾಲಿ ಅಂಗಡಿಗಳಿಂದ ಹಿಡಿದು ಗಿರಣಿಗಳವರೆಗೆ ಎಲ್ಲ ಕಡೆಯೂ ಬೇಡಿಕೆ ಇದೆ. ಆರಂಭದ ಸಂಬಳ ಕಡಿಮೆ ಎಂಬ ಕಾರಣಕ್ಕೆ ಇದನ್ನು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಪರೀಕ್ಷೆಗೆ ಓದುವುದಾದರೆ

ಸರ್ಕಾರಿ ನೌಕರಿಯ ಆಸೆ ತಪ್ಪಲ್ಲ. ಮಳೆಯನ್ನೋ ಕಾಲುವೆಯ ನೀರನ್ನೋ ನಂಬಿ ಬದುಕಿದ ಮನೆಗಳಲ್ಲಿ ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳದ ಬೆಲೆ ಎಷ್ಟೆಂದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. 371(ಜೆ) ಇರುವುದರಿಂದ ನಮ್ಮ ಭಾಗದವರಿಗೆ ಈ ದಾರಿಯಲ್ಲಿ ನಿಜವಾದ ಅನುಕೂಲವೂ ಇದೆ. ನನ್ನ ತಕರಾರು ಇರುವುದು ಮಿತಿಯಿಲ್ಲದೆ ಓದುತ್ತಲೇ ಇರುವುದರ ಬಗ್ಗೆ.

ಮಿತಿ ಯಾಕೆ ಬೇಕೆಂಬುದಕ್ಕೆ ಇತ್ತೀಚಿನ ಎರಡು ನೇಮಕಾತಿಗಳ ಇತಿಹಾಸ ಸಾಕು. 545 ಪಿಎಸ್‌ಐ ಹುದ್ದೆಗಳಿಗೆ ಲಿಖಿತ ಪರೀಕ್ಷೆ ನಡೆದದ್ದು 2021ರ ಅಕ್ಟೋಬರಿನಲ್ಲಿ. ಅಕ್ರಮ ಬಯಲಾಗಿ ಆ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕೆಎಎಸ್ ಸೇರಿದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2020ರ ಜನವರಿಯಲ್ಲಿ ಅಧಿಸೂಚನೆ ಹೊರಟ ಮೇಲೆ ಮುಂದಿನದು, 384 ಹುದ್ದೆಗಳದ್ದು, ಬಂದದ್ದು 2024ರ ಫೆಬ್ರುವರಿಯಲ್ಲಿ. ಆ ಪೂರ್ವಭಾವಿ ಪರೀಕ್ಷೆಯೂ ಆಗಸ್ಟ್ 27ರಂದು ಒಮ್ಮೆ ನಡೆದು, ಕನ್ನಡ ಪ್ರಶ್ನೆಪತ್ರಿಕೆಯ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೊಮ್ಮೆ ನಡೆಯಿತು. ಪ್ರಾಮಾಣಿಕವಾಗಿ ಓದಿದ ಹುಡುಗ ಹುಡುಗಿಯರ ವರ್ಷಗಳು ಹೀಗೆ ಅವರ ತಪ್ಪೇ ಇಲ್ಲದೆ ಕಳೆದುಹೋದವು. ಆದ್ದರಿಂದ ‘ಮುಂದಿನ ಅಧಿಸೂಚನೆ ಬರುವವರೆಗೆ ಓದುತ್ತೇನೆ’ ಎಂಬ ಲೆಕ್ಕವನ್ನು ಇಟ್ಟುಕೊಳ್ಳಬೇಡಿ. ಅಧಿಸೂಚನೆ ನಿಮ್ಮ ಕೈಯಲ್ಲಿಲ್ಲ, ಕ್ಯಾಲೆಂಡರ್ ನಿಮ್ಮ ಕೈಯಲ್ಲಿದೆ. ಇಂಥ ವರ್ಷದ ಇಂಥ ತಿಂಗಳವರೆಗೆ ಎಂದು ಬರೆದಿಡಿ.

ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಕೋಚಿಂಗ್ ಸೇರಲು ಹೊರಡುವ ಮುಂಚೆ ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿಕೊಳ್ಳಿ. ನೀವು ಬರೆಯಬೇಕೆಂದಿರುವ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಸಂಬಂಧಪಟ್ಟ ಜಾಲತಾಣದಿಂದ ತೆಗೆದುಕೊಂಡು, ಗಡಿಯಾರ ಎದುರಿಗಿಟ್ಟು, ನಿಗದಿತ ಸಮಯದೊಳಗೆ ಒಂದನ್ನು ಪೂರ್ತಿ ಬಿಡಿಸಿ, ತಪ್ಪು ಉತ್ತರಕ್ಕೆ ಅಂಕ ಕಳೆಯುವ ನಿಯಮವಿದ್ದರೆ ಅದನ್ನೂ ಲೆಕ್ಕ ಹಾಕಿ ಅಂಕ ಕೊಟ್ಟುಕೊಳ್ಳಿ. ಮೊದಲ ಸಲ ಅಂಕ ಕಡಿಮೆ ಬಂದರೆ ಎದೆಗುಂದಬೇಕಿಲ್ಲ. ಮೂರು ತಿಂಗಳು ಸ್ವಂತವಾಗಿ, ಜಿಲ್ಲಾ ಗ್ರಂಥಾಲಯದಲ್ಲಿ ಕುಳಿತು, ಶಾಲೆಯ ಪಠ್ಯಪುಸ್ತಕಗಳನ್ನೂ ಒಂದು ದಿನಪತ್ರಿಕೆಯನ್ನೂ ಕ್ರಮವಾಗಿ ಓದಿದ ನಂತರ ಇನ್ನೊಂದು ಪತ್ರಿಕೆಯನ್ನು ಹಾಗೆಯೇ ಬಿಡಿಸಿ ನೋಡಿ. ಅಂಕ ಮೇಲೇರಿದ್ದರೆ ಈ ದಾರಿ ನಿಮಗೆ ಒಗ್ಗುತ್ತದೆ. ಅಂಕವೂ ಏರದೆ, ದಿನಕ್ಕೆ ನಾಲ್ಕು ಗಂಟೆ ಕೂರುವುದೂ ಆಗದಿದ್ದರೆ, ದೂರದ ಊರಿನ ರೂಮು ಬಾಡಿಗೆ ಮತ್ತು ಕೋಚಿಂಗ್ ಫೀ ಕಟ್ಟುವುದರಿಂದ ಆ ಕೊರತೆ ತುಂಬುವುದಿಲ್ಲ. ಅಪ್ಪ ಸಾಲ ಮಾಡಿ ಕೊಡುವ ಹಣ ಅದು. ಬಾಡಿಗೆ, ಮೆಸ್, ಫೀ, ಪುಸ್ತಕ, ಓಡಾಟ ಎಲ್ಲವನ್ನೂ ಕೂಡಿಸಿ ಒಂದು ವರ್ಷದ ಮೊತ್ತವನ್ನು ಒಂದೇ ಹಾಳೆಯಲ್ಲಿ ಬರೆದು ಅವರಿಗೆ ತೋರಿಸಿ, ಆಮೇಲೆ ಹೊರಡಿ.

ಒಂದೇ ಪರೀಕ್ಷೆಯನ್ನು ಹಿಡಿದು ಕೂರುವುದೂ, ಕಂಡ ಅರ್ಜಿಯನ್ನೆಲ್ಲ ತುಂಬುವುದೂ ಎರಡೂ ಕೆಟ್ಟವು. ಪಠ್ಯಕ್ರಮ ಹತ್ತಿರವಿರುವ ಪರೀಕ್ಷೆಗಳ ಗುಂಪೊಂದನ್ನು ಆರಿಸಿಕೊಳ್ಳಿ. ಸಾಮಾನ್ಯ ಜ್ಞಾನ, ಸಂವಿಧಾನ, ಕರ್ನಾಟಕದ ಇತಿಹಾಸ ಮತ್ತು ಕನ್ನಡದಲ್ಲಿ ಗಟ್ಟಿಯಿರುವವರಿಗೆ ಪಿಡಿಒ, ಎಫ್‌ಡಿಎ, ಗ್ರಾಮ ಆಡಳಿತಾಧಿಕಾರಿ, ಪಿಎಸ್‌ಐ ಒಂದು ಗುಂಪು. ಲೆಕ್ಕ ಮತ್ತು ತರ್ಕದಲ್ಲಿ ಚುರುಕಾಗಿರುವವರಿಗೆ ಬ್ಯಾಂಕು, ರೈಲ್ವೆ, ಎಸ್‌ಎಸ್‌ಸಿ ಇನ್ನೊಂದು ಗುಂಪು. ಈ ಎರಡನೆಯ ಗುಂಪನ್ನು ನಮ್ಮವರು ಇಂಗ್ಲಿಷಿನ ಭಯದಿಂದ ಮೊದಲೇ ಬಿಟ್ಟುಬಿಡುತ್ತಾರೆ. ಆದರೆ ರೈಲ್ವೆ ನೇಮಕಾತಿ ಮಂಡಳಿಗಳ ಪರೀಕ್ಷೆಯನ್ನು, ಗ್ರಾಮೀಣ ಬ್ಯಾಂಕುಗಳಿಗಾಗಿ ಐಬಿಪಿಎಸ್ ನಡೆಸುವ ಪರೀಕ್ಷೆಯನ್ನು, ಎಸ್‌ಎಸ್‌ಸಿಯ ಎಂಟಿಎಸ್‌ನಂಥ ಕೆಲವು ಪರೀಕ್ಷೆಗಳನ್ನು ಈಗ ಕನ್ನಡದಲ್ಲಿಯೇ ಬರೆಯಬಹುದು. ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಬಳ್ಳಾರಿಯಲ್ಲಿಯೇ ಇದೆ. ಸ್ಥಳೀಯ ಭಾಷೆ ಬಲ್ಲವರನ್ನು ಕೇಳುವ ಈ ಬ್ಯಾಂಕಿಗೆ ನಮ್ಮ ಹಳ್ಳಿಯ ಮಕ್ಕಳು ಇನ್ನೂ ಹೆಚ್ಚು ಸಂಖ್ಯೆಯಲ್ಲಿ ಹೋಗಬೇಕು ಎಂಬುದು ನನ್ನ ಬಹುದಿನದ ಆಸೆ.

ಓದುವ ಅವಧಿಯಲ್ಲಿ ಸಾಧ್ಯವಾದರೆ ಅರ್ಧ ದಿನದ ಸಂಪಾದನೆಯೊಂದನ್ನು ಇಟ್ಟುಕೊಳ್ಳಿ: ಟ್ಯೂಷನ್, ಸೇವಾ ಕೇಂದ್ರದಲ್ಲಿ ಅರ್ಜಿ ತುಂಬುವ ಕೆಲಸ, ಅಂಗಡಿಯ ಲೆಕ್ಕ, ಯಾವುದಾದರೂ ಸರಿ. ಕೈಯಲ್ಲಿ ಸ್ವಂತ ದುಡ್ಡು ಇದ್ದವರು ಸೋತಾಗಲೂ ಬೇಗ ಎದ್ದು ನಿಲ್ಲುತ್ತಾರೆ. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ 2024ರ ಜನವರಿಯಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500 ರೂಪಾಯಿ, ಗರಿಷ್ಠ ಎರಡು ವರ್ಷದವರೆಗೆ ನೀಡಲಾಗುತ್ತದೆ; ಉನ್ನತ ವ್ಯಾಸಂಗ ಮುಂದುವರಿಸಿದವರಿಗೆ ಮತ್ತು ಉದ್ಯೋಗದಲ್ಲಿರುವವರಿಗೆ ಇದು ಅನ್ವಯಿಸುವುದಿಲ್ಲ.

ಮತ್ತೆ ಓದುವುದಾದರೆ

ಏನು ಮಾಡಬೇಕೆಂದು ತೋಚದೆ ಎಂ.ಎಗೋ ಎಂ.ಕಾಂಗೋ ಸೇರುವುದು ನಿರ್ಧಾರವನ್ನು ಎರಡು ವರ್ಷ ಮುಂದೂಡಿದಂತೆ. ವಿಷಯದ ಮೇಲೆ ನಿಜವಾದ ಪ್ರೀತಿ ಇದ್ದರೆ, ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸು ಮಾಡಿ ಪಾಠ ಮಾಡುವ ಗುರಿ ಇದ್ದರೆ ಖಂಡಿತ ಸೇರಿ. ಬಿ.ಇಡಿ ಎರಡು ವರ್ಷದ ಕೋರ್ಸ್, ಅದರ ನಂತರ ಆರರಿಂದ ಎಂಟನೆಯ ತರಗತಿಯ ಶಿಕ್ಷಕರಾಗಲು ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯ ಎರಡನೆಯ ಪತ್ರಿಕೆ ಪಾಸಾಗಬೇಕು. ಸೇರುವ ಮುಂಚೆ ನಿಮ್ಮೂರ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿಕೊಂಡು ಒಂದು ವಾರ ಯಾವುದಾದರೂ ತರಗತಿಗೆ ಪಾಠ ಮಾಡಿ ನೋಡಿ. ನಲವತ್ತು ಮಕ್ಕಳ ಎದುರು ನಿಂತಾಗ ನಿಮಗೆ ಖುಷಿಯಾಗುತ್ತದೆಯೋ ಗಂಟೆ ಯಾವಾಗ ಬಾರಿಸೀತು ಎನಿಸುತ್ತದೆಯೋ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ.

ಸ್ವಂತದ್ದು ಏನಾದರೂ ಮಾಡುವುದಾದರೆ

ಉದ್ಯಮಕ್ಕೆ ಇಳಿಯುವವರು ಸಬ್ಸಿಡಿಯನ್ನು ನೋಡಿ ಉದ್ಯಮ ಆರಿಸಬಾರದು, ಗಿರಾಕಿಯನ್ನು ನೋಡಿ ಆರಿಸಬೇಕು. ಸಾಲ ಸಹಾಯ ಇಲ್ಲವೆಂದಲ್ಲ: ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆಯಾದ ಪಿಎಂಇಜಿಪಿಯಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನೆಗೆ ಅವಕಾಶವಿದ್ದು, ವರ್ಗ ಮತ್ತು ಸ್ಥಳಕ್ಕನುಗುಣವಾಗಿ ಶೇ 15ರಿಂದ 35ರವರೆಗೆ ಸಹಾಯಧನ ಸಿಗುತ್ತದೆ. ಕಿರು ಆಹಾರ ಸಂಸ್ಕರಣೆಗೆ ಪಿಎಂಎಫ್‌ಎಂಇ ಯೋಜನೆ ಇದೆ. ಮೆಣಸಿನಕಾಯಿ ಪುಡಿ, ರೊಟ್ಟಿ, ಚಟ್ನಿಪುಡಿಯಂಥ ಕೆಲಸಗಳಿಗೆ ಅದು ಹೊಂದುತ್ತದೆ. ಗ್ರಾಮೀಣ ಯುವಕರಿಗೆ ಉಚಿತವಾಗಿ ತರಬೇತಿ ಕೊಡುವ, ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಹೋದರೆ ಬ್ಯಾಂಕಿನವರ ಜೊತೆ ಮಾತನಾಡುವ ರೀತಿಯೂ ತಿಳಿಯುತ್ತದೆ.

ನಮ್ಮ ಕಡೆ ಉದ್ಯಮ ಮಾಡುವವರು ತುಂಗಭದ್ರೆಯನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಲೇಬೇಕು. 2024ರ ಆಗಸ್ಟಿನಲ್ಲಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಎರಡು ದಂಡೆಯ ಊರುಗಳಲ್ಲಿ ಯಾರಿಗೂ ನಿದ್ದೆ ಬರಲಿಲ್ಲ, ಏಕೆಂದರೆ ಇಲ್ಲಿ ಎರಡನೆಯ ಬೆಳೆಗೆ ನೀರು ಬರುವುದಿಲ್ಲವೆಂದರೆ ಗೊಬ್ಬರದಂಗಡಿಯಿಂದ ಬಟ್ಟೆಯಂಗಡಿಯವರೆಗೆ ವ್ಯಾಪಾರ ಬೀಳುತ್ತದೆ. ನಿಮ್ಮ ಯೋಜನಾ ವರದಿಯಲ್ಲಿ ಒಂದೇ ಬೆಳೆಯ ವರ್ಷದ ಲೆಕ್ಕವನ್ನೂ ಪ್ರತ್ಯೇಕವಾಗಿ ಬರೆಯಿರಿ; ಆ ವರ್ಷವೂ ಕಂತು ಕಟ್ಟಲು ಸಾಧ್ಯವಾಗುವಷ್ಟು ಸಾಲ ಮಾತ್ರ ಮಾಡಿ.

ಮನೆಯಲ್ಲಿ ಮಾತನಾಡುವುದು

ಅಪ್ಪ ಅಮ್ಮ ಒಪ್ಪುವುದಿಲ್ಲ ಎಂದು ಹೇಳುವ ವಿದ್ಯಾರ್ಥಿಗಳನ್ನು, ಅವರಿಗೆ ಏನೆಂದು ಹೇಳಿದ್ದೀಯ ಎಂದು ಕೇಳಿದರೆ ಹೆಚ್ಚಿನವರು ಏನೂ ಹೇಳಿರುವುದಿಲ್ಲ. ಮಗ ಅಥವಾ ಮಗಳು ಯಾವ ಊರಿನಲ್ಲಿ, ಎಷ್ಟು ದಿನ, ಎಷ್ಟು ಖರ್ಚಿನಲ್ಲಿ, ಏನು ಮಾಡುತ್ತಾರೆ ಎಂಬುದು ಸ್ಪಷ್ಟವಾದರೆ ಓದು ಬಾರದ ತಂದೆತಾಯಿಗಳೂ ಎಷ್ಟೋ ಸಲ ಧೈರ್ಯ ಕೊಡುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತುಕತೆ ಇನ್ನೂ ಮುಖ್ಯ, ಏಕೆಂದರೆ ಫಲಿತಾಂಶದ ಹಿಂದೆಯೇ ಗಂಡು ನೋಡುವ ಮಾತು ಶುರುವಾಗುತ್ತದೆ. ‘ಈಗ ಮದುವೆ ಬೇಡ’ ಎನ್ನುವುದಕ್ಕಿಂತ ‘ಮುಂದಿನ ವರ್ಷದ ಜೂನ್‌ವರೆಗೆ ಈ ತರಬೇತಿ, ಆಮೇಲೆ ಈ ಕೆಲಸ’ ಎಂದು ದಿನಾಂಕ ಸಮೇತ ಹೇಳಿದಾಗ ಮನೆಯವರು ಕಿವಿಗೊಡುವುದು ಹೆಚ್ಚು. ಅಗತ್ಯವೆನಿಸಿದರೆ ನಿಮ್ಮ ಉಪನ್ಯಾಸಕರೊಬ್ಬರನ್ನು ಮನೆಗೆ ಕರೆದುಕೊಂಡು ಹೋಗಿ. ಬರಲಾರೆ ಎನ್ನುವ ಮೇಷ್ಟ್ರು ನಮ್ಮಲ್ಲಿ ಕಡಿಮೆ.

ಅವಧಿ ಮುಗಿದಾಗ

ಬರೆದಿಟ್ಟ ದಿನಾಂಕ ಬಂದಾಗ ಮತ್ತೆ ಹಾಳೆ ತೆಗೆಯಿರಿ. ಪರೀಕ್ಷೆಯ ದಾರಿ ಹಿಡಿದವರು ಕೆಲವೇ ಅಂಕಗಳಿಂದ ತಪ್ಪಿದ್ದರೆ ಅಥವಾ ಒಂದು ಹಂತ ದಾಟಿದ್ದರೆ ಇನ್ನೊಂದು ವರ್ಷ ಮುಂದುವರಿಸಬಹುದು, ಅದಕ್ಕೂ ದಿನಾಂಕ ಹಾಕಿ. ಅರ್ಹತೆಯ ಹತ್ತಿರವೂ ಬಂದಿಲ್ಲವಾದರೆ ಪೂರ್ಣಾವಧಿಯ ಕೆಲಸಕ್ಕೆ ಸೇರಿ, ಓದನ್ನು ರಾತ್ರಿಗೋ ಬೆಳಗಿನ ಜಾವಕ್ಕೋ ಇಟ್ಟುಕೊಳ್ಳಿ. ಕೆಲಸಕ್ಕೆ ಸೇರಿದವರು ಎರಡು ವರ್ಷದಲ್ಲಿ ಹೊಸದಾಗಿ ಏನು ಕಲಿತೆ ಎಂಬುದಕ್ಕೆ ಮೂರು ವಾಕ್ಯ ಬರೆಯಲಾಗದಿದ್ದರೆ ಜಾಗ ಬದಲಿಸುವ ಯೋಚನೆ ಮಾಡಬೇಕು. ಸಂದರ್ಶನಗಳಲ್ಲಿ ಪದವಿಯ ನಂತರದ ಖಾಲಿ ವರ್ಷಗಳ ಬಗ್ಗೆ ಕೇಳಿಯೇ ಕೇಳುತ್ತಾರೆ. ಯಾವ ಪರೀಕ್ಷೆಗೆ ಎಷ್ಟು ಕಾಲ ಓದಿದೆ, ಜೊತೆಗೆ ಎಲ್ಲಿ ದುಡಿದೆ, ಯಾವಾಗ ಮತ್ತು ಯಾಕೆ ನಿಲ್ಲಿಸಿದೆ ಎಂದು ನೇರವಾಗಿ ಹೇಳಿ. ಅದಕ್ಕಾಗಿ ಅರ್ಜಿ ಸಂಖ್ಯೆ, ಪ್ರವೇಶಪತ್ರ, ಬಂದ ಅಂಕ, ಕೆಲಸ ಮಾಡಿದ ಕಡೆಯ ಪತ್ರ ಇವನ್ನೆಲ್ಲ ಮೊದಲ ದಿನದಿಂದಲೇ ಒಂದು ಫೈಲಿನಲ್ಲಿ ಸೇರಿಸಿಡಿ.